‘ಇಲ್ಲ ತಾನೇ?’ ಎಂದು ಕೇಳದಿರಲು ಕಲಿಸಿದ ತರಬೇತಿ

ಆತ್ಮೀಯ ಗೆಳತಿಯೊಬ್ಬಳು ‘ನಾನಿಲ್ಲದಿದ್ದರೆ ಎಲ್ಲರಿಗೂ ನಿರಾಳ’ ಎಂದಾಗ ನಾನು ಹೆದರಿ ಮಾತು ಮರೆಸಿದ್ದೆ. ಆ ತಪ್ಪು ಮತ್ತೆ ಆಗಬಾರದೆಂದು ಆತ್ಮಹತ್ಯೆ ತಡೆಗಟ್ಟುವ ‘ಕ್ಯುಪಿಆರ್’ (ಕ್ವೆಶ್ಚನ್, ಪರ್ಸುಯೇಡ್, ರೆಫರ್) ತರಬೇತಿಗೆ ಸೇರಿದೆ. ಮನಶ್ಶಾಸ್ತ್ರಜ್ಞ ಪಾಲ್ ಕ್ವಿನೆಟ್ 1995ರಲ್ಲಿ ರೂಪಿಸಿದ ಈ ಕ್ರಮವು, ಹೃದಯ ನಿಂತವರ ಎದೆಯೊತ್ತಿ ಜೀವ ಉಳಿಸುವುದನ್ನು ವೈದ್ಯರಲ್ಲದವರೂ ಕಲಿಯುವಂತೆ, ನೇರವಾಗಿ ಕೇಳುವುದು, ನೆರವು ಪಡೆಯಲು ಒಪ್ಪಿಸುವುದು, ಆ ನೆರವಿನವರೆಗೆ ತಲುಪಿಸುವುದು ಎಂಬ ಮೂರು ಹೆಜ್ಜೆಗಳನ್ನು ಸಾಮಾನ್ಯ ಜನರಿಗೆ ಕಲಿಸುತ್ತದೆ.

ತರಬೇತಿಯ ನಿಜವಾದ ಬೆಲೆ ಮೊದಲ ಹೆಜ್ಜೆಯಲ್ಲಿದೆ. ನಾವು ಸಾಮಾನ್ಯವಾಗಿ ‘ಆತ್ಮಹತ್ಯೆ’ ಎಂಬ ಪದವನ್ನೇ ಉಚ್ಚರಿಸುವುದಿಲ್ಲ. ‘ಏನಾದರೂ ಮಾಡಿಕೊಂಡುಬಿಟ್ಟರೆ’ ಎಂದು ಗೊಣಗುತ್ತೇವೆ, ಇಲ್ಲವೇ ‘ಹುಚ್ಚು ಯೋಚನೆ ಏನೂ ಇಲ್ಲ ತಾನೇ?’ ಎನ್ನುತ್ತೇವೆ. ಆ ‘ತಾನೇ’ ಇರುವುದು ಕೇಳುವವರ ಸಮಾಧಾನಕ್ಕೆ. ಎದುರಿಗಿರುವವರಿಗೆ ‘ಇಲ್ಲ’ ಎನ್ನುವುದರ ಹೊರತು ಬೇರೆ ದಾರಿಯನ್ನು ಅದು ಉಳಿಸುವುದಿಲ್ಲ. ನಮ್ಮನ್ನು ಜೋಡಿಯಾಗಿ ಕೂರಿಸಿ, ‘ನಿಮಗೆ ಆತ್ಮಹತ್ಯೆಯ ಯೋಚನೆ ಬರುತ್ತಿದೆಯೇ?’ ಎಂದು ಒಬ್ಬರು ಇನ್ನೊಬ್ಬರನ್ನು ಸ್ಪಷ್ಟವಾಗಿ ಕೇಳುವ ಅಭ್ಯಾಸ ಮಾಡಿಸಿದರು. ಮೂರನೆಯ ಸಲ ಕೇಳುವ ಹೊತ್ತಿಗೆ ನನ್ನ ಧ್ವನಿ ನಡುಗುವುದು ನಿಂತಿತ್ತು. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ.

ಒಪ್ಪಿಸುವ ಭಾಗವೂ ಚೆನ್ನಾಗಿತ್ತು: ಬುದ್ಧಿವಾದ ಹೇಳದೆ ಪೂರ್ತಿ ಕೇಳಿಸಿಕೊಳ್ಳಿ, ‘ಯಾರಿಗೂ ಹೇಳುವುದಿಲ್ಲ’ ಎಂದು ಭಾಷೆ ಮಾತ್ರ ಕೊಡಬೇಡಿ.

ನಾನು ಹಾಜರಾದ ತರಗತಿಯ ಕೊರತೆ ಕಂಡದ್ದು ಕೊನೆಯಲ್ಲಿ. ಸಹಾಯವಾಣಿಯ ಸಂಖ್ಯೆ ಕೊಟ್ಟು ಮುಗಿಸಿಬಿಟ್ಟರು. ‘ಹೌದು’ ಎಂಬ ಉತ್ತರ ಬಂದ ಆ ರಾತ್ರಿಯನ್ನು, ಅದರ ಮುಂದಿನ ವಾರಗಳನ್ನು ದಾಟುವುದು ಹೇಗೆಂದು ಹೇಳಲು ಸಮಯವೇ ಉಳಿಯಲಿಲ್ಲ. ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ, ಅಂಥ ಯೋಚನೆ ಬಂದಾಗ ಏನು ಮಾಡಬೇಕು, ಯಾರನ್ನು ಕರೆಯಬೇಕು ಎಂದು ಮೊದಲೇ ಬರೆದಿಟ್ಟುಕೊಳ್ಳುವ ಆರು ಹಂತಗಳ ಸುರಕ್ಷತಾ ಯೋಜನೆಯ ಬಗ್ಗೆ ನಾನು ತಿಳಿದುಕೊಂಡದ್ದು ಆಮೇಲೆ. ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರ ಜೊತೆ ಈ ಯೋಜನೆಯನ್ನು ಬರೆದು, ನಂತರ ಫೋನ್ ಮಾಡಿ ವಿಚಾರಿಸುತ್ತಿದ್ದಾಗ, ಆರು ತಿಂಗಳಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ವರ್ತನೆಗಳು ಸುಮಾರು 45 ಪ್ರತಿಶತ ಕಡಿಮೆ ಇದ್ದವೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಇಂಥದ್ದಕ್ಕೆ ಕನಿಷ್ಠ ಅರ್ಧ ಗಂಟೆಯನ್ನಾದರೂ ಮೀಸಲಿಡಬೇಕಿತ್ತು.

ಆದರೂ ಶಿಕ್ಷಕರು, ವಿದ್ಯಾರ್ಥಿನಿಲಯ ನೋಡಿಕೊಳ್ಳುವವರು, ಮನೆಯಲ್ಲಿ ಯಾರ ಬಗ್ಗೆಯಾದರೂ ಆತಂಕವಿರುವವರು ಈ ತರಬೇತಿಯನ್ನು ಪಡೆಯಲೇಬೇಕೆಂದು ನಾನು ಒತ್ತಾಯಿಸುತ್ತೇನೆ. ಗೆಳತಿಯನ್ನು ಕೊನೆಗೂ ಕೇಳಿದೆ, ‘ತಾನೇ’ ಇಲ್ಲದೆ. ತುಂಬ ಹೊತ್ತು ಸುಮ್ಮನಿದ್ದು ‘ಹೌದು’ ಎಂದಳು. ಆ ರಾತ್ರಿ ಅವಳ ಜೊತೆಗೇ ಇದ್ದು, ಮರುದಿನ ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಅಲ್ಲಿ ಅವಳು ಬರೆದ ಸುರಕ್ಷತಾ ಯೋಜನೆಯ ನಾಲ್ಕನೆಯ ಹಂತದಲ್ಲಿ, ನೆರವು ಕೇಳಬಹುದಾದವರ ಜಾಗದಲ್ಲಿ, ನನ್ನ ಹೆಸರಿದೆ.