ಹಿನ್ನೀರಿನ ಏಡಿಗೆ ಮಡಚುವ ಛತ್ರಿ ಬಲೆ: ಕೆಲವು ಮಳೆಗಾಲ ಬಳಸಿದ ಮೇಲಿನ ಮಾತು

ಮೊದಲೇ ಹೇಳಿಬಿಡ್ತೀನಿ: ಬಲೆ ಒಳ್ಳೆಯದು, ಜೊತೆಗೆ ಬರುವ ಹಗ್ಗ ಕೆಲಸಕ್ಕೆ ಬಾರದು. ಕೊಳ್ಳುವ ದಿನವೇ ಬೇರೆ ಹಗ್ಗಕ್ಕೂ ದುಡ್ಡು ಎತ್ತಿಡಿ.

ನಾನು ಬಳಸೋದು ಬಾಗಲಕೋಟೆ ಸುತ್ತಲಿನ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ, ಜಾಸ್ತಿ ಅನಗವಾಡಿ ಕಡೆ ಘಟಪ್ರಭೆಯ ದಂಡೆಗೆ. ಆನ್‌ಲೈನ್‌ನಲ್ಲಿ ಸಿಗುವ, ಛತ್ರಿಯ ಹಾಗೆ ಕಡ್ಡಿ ಬಿಚ್ಚಿಕೊಳ್ಳುವ ನೈಲಾನ್ ಬಲೆ ಇದು. ಸುತ್ತ ತೂತು, ನಡುವೆ ಮೇವಿನ ಚೀಲ, ಒಂದು ಬದಿಗೆ ಜಿಪ್. ಮಡಚಿದರೆ ಬೈಕಿನ ಹಿಂದೆ ಕಟ್ಟಿಕೊಂಡು ಹೋಗಬಹುದು. ಇದಕ್ಕೇ ನಾನು ಇದನ್ನು ತಗೊಂಡಿದ್ದು.

ಆರು, ಎಂಟು, ಹನ್ನೆರಡು, ಹದಿನಾರು ತೂತಿನ ಬಲೆಗಳು ಸಿಗುತ್ತವೆ. ತೂತು ಜಾಸ್ತಿ ಇದ್ದರೆ ಏಡಿ ಜಾಸ್ತಿ ಅಂತ ಅಂದ್ಕೋಬೇಡಿ. ಒಳಗೆ ಬರುವ ದಾರಿಯೇ ಹೊರಗೆ ಹೋಗುವ ದಾರಿಯೂ ಹೌದು. ಮೇವು ತಿಂದು ಮುಗಿದ ಮೇಲೆ ಏಡಿ ಗೋಡೆ ಹಿಡಿದು ಸುತ್ತುತ್ತದೆ, ತೂತು ಸಿಕ್ಕರೆ ನಡೆದೇ ಬಿಡುತ್ತದೆ. ಆರು ತೂತಿನದೇ ಸಾಕು. ತೂತಿಗಿಂತ ಬಲೆಯ ಕಣ್ಣು ನೋಡಿ. ಸಿಗಡಿಗೆ ಅಂತ ಮಾಡಿದ ಸಣ್ಣ ಕಣ್ಣಿನ ಬಲೆಯಲ್ಲಿ ಮೀನುಮರಿ, ಏಡಿಮರಿ ಎಲ್ಲ ಸಿಕ್ಕಿಬೀಳುತ್ತವೆ. ನಮ್ಮ ಹೊಳೆ ಏಡಿ ಅಂಗೈಗಿಂತ ದೊಡ್ಡದಾಗೋದು ಅಪರೂಪ. ಎರಡು ಬೆರಳು ಸಲೀಸಾಗಿ ಹೋಗುವಷ್ಟು ಕಣ್ಣಿದ್ದರೆ ಮರಿಗಳು ತಾವೇ ಹೊರಗೆ ಹೋಗುತ್ತವೆ.

ಈಗ ಹಗ್ಗದ ವಿಷಯ. ಜೊತೆಗೆ ಬರೋದು ಬಟ್ಟೆ ಒಣಹಾಕುವ ಹುರಿಯಷ್ಟು ತೆಳು. ಇಲ್ಲಿ ತಳ ಪೂರ್ತಿ ಎರೆ ಮಣ್ಣು. ನೀರು ಬರುವ ಮೊದಲು ಅಲ್ಲೆಲ್ಲ ಹೊಲಗಳೇ ಇದ್ದವು. ಆ ರಾಡಿ ಬಲೆಯನ್ನು ಹಿಡಿದರೆ ಬಿಡೋದಿಲ್ಲ. ಎಳೆಯುವಾಗ ತೆಳು ಹುರಿ ಕೈ ಕೊಯ್ಯುತ್ತದೆ. ದಂಡೆಯ ಮೇಲೆ ಬಲೆ ಹೆಣೆಯುತ್ತಾ ಕೂತಿದ್ದ ಹಿರಿಯರೊಬ್ಬರು ನನ್ನ ಬಲೆ ನೋಡಿ, "ತಮ್ಮಾ, ಬಲಿ ಛಲೋ ಐತಿ, ಹಗ್ಗ ನಂಬಬ್ಯಾಡ" ಅಂದರು. "ಮತ್ತ ಯಾವುದು ಹಾಕ್ಲಿ ಕಾಕಾ?" ಅಂದೆ. "ಎತ್ತಿಗೆ ಕಟ್ಟೂ ಹಗ್ಗ ತಗೋ" ಅಂದರು. ಆ ದಪ್ಪದ ನೈಲಾನ್ ಹಗ್ಗ ಇವತ್ತಿಗೂ ಗಟ್ಟಿ ಇದೆ. ಉದ್ದವೂ ಬೇಕು. ಮಳೆಗಾಲದಲ್ಲಿ ಆಲಮಟ್ಟಿ ತುಂಬುತ್ತಾ ಅದರ ಪೂರ್ಣ ಮಟ್ಟವಾದ 519.60 ಮೀಟರ್ ಕಡೆಗೆ ನೀರು ಏರುವಾಗ ದಂಡೆ ದಿನದಿನಕ್ಕೂ ಹಿಂದೆ ಸರಿಯುತ್ತದೆ. ಹಗ್ಗವನ್ನು ನೀರಿನಂಚಿನ ಗೂಟಕ್ಕೆ ಕಟ್ಟದೆ, ಮೇಲಿನ ಜಾಲಿ ಮರಕ್ಕೆ ಕಟ್ಟಿ.

ಉದ್ದ ಹಗ್ಗಕ್ಕೆ ಇನ್ನೊಂದು ಕಾರಣವೂ ಇದೆ. ಈ ಹಿನ್ನೀರಿನಲ್ಲಿ ಮೊಸಳೆಗಳಿವೆ. ಬಲೆ ಸಿಕ್ಕಿಕೊಂಡಿತು ಅಂತ ನೀರಿಗೆ ಇಳಿಯಲೇಬೇಡಿ. ಬಲೆ ಹೋದರೆ ಹೋಗಲಿ.

ಆದರೆ ಹೋದ ಬಲೆ ಸುಮ್ನೆ ಕೂರೋದಿಲ್ಲ, ನೀರಿನಡಿ ಏಡಿ ಹಿಡಿಯುತ್ತಲೇ ಇರುತ್ತದೆ. ಸತ್ತ ಏಡಿಯೇ ಮುಂದಿನ ಏಡಿಗೆ ಮೇವು. ಅಮೆರಿಕದ ವಾಷಿಂಗ್ಟನ್, ಅಲಾಸ್ಕಾ ರಾಜ್ಯಗಳಲ್ಲಿ ಏಡಿ ಬೋನಿನ ಒಂದು ಭಾಗವನ್ನು ಹತ್ತಿ ದಾರದಿಂದಲೇ ಕಟ್ಟಬೇಕು ಅಂತ ಕಾನೂನೇ ಇದೆ. ಬೋನು ಕಳೆದುಹೋದರೆ ದಾರ ಕೊಳೆತು ದಾರಿ ತೆರೆಯುತ್ತದೆ. ನಾನೂ ಒಂದು ಬದಿಯಲ್ಲಿ ಗೇಣಿನಷ್ಟು ಬಲೆ ಕತ್ತರಿಸಿ ಹತ್ತಿ ದಾರದಲ್ಲಿ ಹೊಲಿದಿದ್ದೇನೆ. ಪ್ರತಿ ಮಳೆಗಾಲಕ್ಕೆ ಹೊಸ ದಾರ. ಖರ್ಚು ಏನೂ ಇಲ್ಲ, ದಯವಿಟ್ಟು ನೀವೂ ಮಾಡಿ. ರಾತ್ರಿಯಿಡೀ ಬಲೆ ಬಿಟ್ಟು ಮನೆಗೆ ಹೋಗಲೂಬೇಡಿ. ಆಮೆ, ನೀರುಹಾವು ಒಳಗೆ ಹೋದರೆ ಉಸಿರಿಗೆ ಮೇಲೆ ಬರಲಾಗದೆ ಸಾಯುತ್ತವೆ.

ಮೇವಿಗೆ ಮೀನಿನ ತಲೆಯೇ ಸೈ. ಕೋಳಿ ಕರುಳೂ ನಡೆಯುತ್ತದೆ, ಆದರೆ ಬೇಗ ಹರಿದು ಹೋಗುತ್ತದೆ. ಬಲೆಯ ಜೊತೆ ಬಂದ ಮೇವಿನ ಚೀಲವನ್ನು ಏಡಿಗಳು ಮೊದಲ ಮಳೆಗಾಲದಲ್ಲೇ ಚಿಂದಿ ಮಾಡಿದವು. ಈಗ ಉಳ್ಳಾಗಡ್ಡಿ ಚೀಲದ ತುಂಡನ್ನು ಎರಡು ಪದರ ಮಾಡಿ ಕಟ್ಟುತ್ತೇನೆ. ನಮ್ಮ ಕಡೆ ಅದಕ್ಕೇನು ಬರವೇ? ಹೊತ್ತು ಮುಳುಗಿದ ಮೇಲೆ ಹಾಕಿ, ಹೊಳೆ ಏಡಿ ಓಡಾಡೋದೇ ರಾತ್ರಿ.

ಜಿಪ್ ಈ ಬಲೆಯ ದೊಡ್ಡ ಕೊರತೆ. ಎರೆ ಮಣ್ಣು ಹಲ್ಲಿನೊಳಗೆ ಒಣಗಿದರೆ ಕಲ್ಲಾಗುತ್ತದೆ. ಪ್ರತಿ ಸಲ ತೊಳೆದು ಮೇಣದ ಬತ್ತಿ ಉಜ್ಜಿ. ಕಡ್ಡಿಗಳನ್ನು ಹಿಡಿದಿರುವ ನಡುವಿನ ಪ್ಲಾಸ್ಟಿಕ್ ತುಂಡು ಬಿಸಿಲಿಗೆ ಸೀಳುತ್ತದೆ, ಹಾಗಾಗಿ ನೆರಳಿನಲ್ಲೇ ಒಣಗಿಸಿ. ಒಮ್ಮೆ ಇದೇ ಬಲೆಯನ್ನು ಕಾರವಾರಕ್ಕೆ ಒಯ್ದು ಕಾಳಿ ನದಿಯ ಅಳಿವೆಯಲ್ಲಿ ಹಾಕಿದ್ದೆ. ಅಲ್ಲಿನ ಕೆಸರು ಏಡಿಯ ಮುಂಗಾಲಿಗೆ ಈ ನೈಲಾನ್ ಲೆಕ್ಕವೇ ಇಲ್ಲ, ಎರಡು ಕಡೆ ಕತ್ತರಿಸಿ ಹಾಕಿತು. ಉಪ್ಪುನೀರಿಗೆ ಕಡ್ಡಿಯೂ ತುಕ್ಕು ಹಿಡಿಯಿತು. ಸಮುದ್ರದ ಕಡೆ ಹೋಗೋರಿಗೆ ಇದು ಬೇಡ.

ಬಲೆಯಿಂದ ಏಡಿ ತೆಗೆಯುವಾಗ ಎಳೆಯಬೇಡಿ. ಎಳೆದಷ್ಟೂ ಅದು ಬಲೆಯ ಎಳೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಕೊನೆಗೆ ಕಾಲನ್ನೇ ಕಳಚಿ ಬಿಡುತ್ತದೆ. ಜಿಪ್ ತೆರೆದು ಬಲೆ ನೆಲಕ್ಕಿಟ್ಟು ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಹಿಡಿತ ಸಡಿಲಿಸುತ್ತದೆ. ಆಗ ಉದ್ದನೆಯ ಇಕ್ಕಳದಿಂದ ಬೆನ್ನು ಹಿಡಿದು ಎತ್ತಿ, ಹೊಟ್ಟೆ ತಿರುಗಿಸಿ ನೋಡಿ. ಹೊಟ್ಟೆಯ ಮಡಿಕೆ ಕಿರಿದಾಗಿ ಚೂಪಾಗಿದ್ದರೆ ಗಂಡು, ಅಗಲವಾಗಿ ದುಂಡಗಿದ್ದರೆ ಹೆಣ್ಣು. ಹೊಳೆ ಏಡಿಯ ಮೊಟ್ಟೆಯಿಂದ ನೇರವಾಗಿ ಪುಟ್ಟ ಏಡಿಗಳೇ ಬರುತ್ತವೆ, ತಾಯಿ ಅವನ್ನು ಆ ಮಡಿಕೆಯಲ್ಲೇ ಹೊತ್ತು ತಿರುಗುತ್ತದೆ. ಮೊಟ್ಟೆ, ಮರಿ ಕಂಡರೆ ವಾಪಸ್ ನೀರಿಗೆ ಬಿಡಿ. ಉಳಿದದ್ದನ್ನು ಬಕೆಟ್ ನೀರಿನಲ್ಲಿ ತುಂಬಬೇಡಿ, ಉಸಿರುಗಟ್ಟಿ ಸಾಯುತ್ತವೆ. ಒದ್ದೆ ಗೋಣಿತಟ್ಟು ಮುಚ್ಚಿಟ್ಟರೆ ಮನೆ ತನಕ ಜೀವಂತ. ಸಾರು ಮಾತ್ರ ಚೆನ್ನಾಗಿ ಕುದಿಯಬೇಕು. ಅರೆಬೆಂದ ಹೊಳೆ ಏಡಿಯಿಂದ ಶ್ವಾಸಕೋಶಕ್ಕೆ ಹುಳು ಸೇರುವ ಕಾಯಿಲೆ ಇದೆ, ಅದನ್ನು ಟಿಬಿ ಅಂದುಕೊಳ್ಳುವುದೂ ಉಂಟು.

ನಿಂತ ನೀರಿಗೆ ಈ ಬಲೆ ತಗೊಳ್ಳಿ, ಐದಕ್ಕೆ ನಾಲ್ಕು ಅಂಕ ಕೊಡ್ತೀನಿ. ಕಾಲುವೆಯಲ್ಲಿ, ಹರಿಯುವ ಹೊಳೆಯಲ್ಲಿ ಹಾಕೋರು ತಗೋಬೇಡಿ. ಹಗುರ ಇರೋದರಿಂದ ಉರುಳಿಕೊಂಡು ಹೋಗುತ್ತದೆ, ಕಲ್ಲು ಕಟ್ಟಿದರೂ ಕಡ್ಡಿ ಬಾಗುತ್ತದೆ. ಅಂಥ ಕಡೆಗೆ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸರಳಿನಿಂದ ಎರಡು ಬಳೆ ಮಾಡಿಸಿ, ಬಲೆ ಹೆಣೆಯುವವರ ಹತ್ತಿರ ಹೆಣೆಸಿಕೊಳ್ಳಿ. ಅದರ ಬಾಯಿ ತೆರೆದೇ ಇರೋದರಿಂದ ಕಾಲು ಗಂಟೆಗೊಮ್ಮೆ ಎತ್ತುತ್ತಾ ಕೂರಬೇಕು, ಆದರೆ ಭಾರಕ್ಕೆ ಇಟ್ಟ ಜಾಗದಲ್ಲೇ ನಿಲ್ಲುತ್ತದೆ.