ಮೈಟ್ರಾಕ್ಲಿಪ್ಪಾ, ಪ್ಯಾಸ್ಕಲ್ಲಾ? ಎಕೋ ಹಿಡಿದು ನಿಂತಾಗ ಕಂಡಿದ್ದು

ರಕ್ತನಾಳದೊಳಗೆ ಕೊಳವೆ ಇಳಿಸಿ ಹೃದಯಕ್ಕೆ ಚಿಕಿತ್ಸೆ ಮಾಡುವ ಕೋಣೆ, ಅಂದರೆ ಕ್ಯಾತ್ ಲ್ಯಾಬ್‌ನಲ್ಲಿ ನನ್ನ ಜಾಗ ರೋಗಿಯ ತಲೆಯ ಹತ್ತಿರ. ಅನ್ನನಾಳಕ್ಕೆ ಇಳಿಸಿದ ಎಕೋ (ಹೃದಯದ ಅಲ್ಟ್ರಾಸೌಂಡ್) ಪ್ರೋಬ್ ತಿರುಗಿಸಿ ತಿರುಗಿಸಿ ವಾಲ್ವ್ ತೋರಿಸುವುದು ನನ್ನ ಕೆಲಸ. ಕ್ಲಿಪ್ ಹಾಕುವವರು ತೊಡೆಯ ಹತ್ತಿರ ನಿಂತಿರುತ್ತಾರೆ, ಕಣ್ಣು ಮಾತ್ರ ನನ್ನ ಸ್ಕ್ರೀನ್ ಮೇಲೆ. ಹೃದಯದ ಎಡಗಡೆಯ ಮೇಲಿನ, ಕೆಳಗಿನ ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್ ಲೀಕ್ ಆದಾಗ ಎದೆ ತೆರೆಯದೆ ಹಾಕುವ ಎರಡು ಕ್ಲಿಪ್‌ಗಳು, ಮೈಟ್ರಾಕ್ಲಿಪ್ ಮತ್ತು ಪ್ಯಾಸ್ಕಲ್, ಎರಡನ್ನೂ ನಾನು ನೋಡಿರುವುದು ಆ ಜಾಗದಿಂದಲೇ.

ಎರಡರ ಉಪಾಯವೂ ಒಂದೇ. ಇಟಲಿಯ ಸರ್ಜನ್ ಆಲ್ಫಿಯೆರಿ 1990ರ ದಶಕದ ಶುರುವಿನಲ್ಲಿ, ವಾಲ್ವ್‌ನ ಸರಿಯಾಗಿ ಮುಚ್ಚದ ಎರಡು ಎಸಳುಗಳ ನಡುವೆ ಹೊಲಿಗೆ ಹಾಕಿ ಕೂಡಿಸಿದ್ದರು. ಒಂದು ಬಾಗಿಲು ಹೋಗಿ ಎರಡು ಕಿಟಕಿ ಆಯ್ತು ಅಂದುಕೊಳ್ಳಿ. ಆ ಹೊಲಿಗೆಯ ಕೆಲಸವನ್ನು ಈಗ ಕ್ಲಿಪ್ ಮಾಡುತ್ತದೆ. ತೊಡೆಯ ರಕ್ತನಾಳದಿಂದ ಹತ್ತಿ, ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆ ದಾಟಿ, ಎಡಗಡೆ ಇಳಿಯಬೇಕು.

ಮೈಟ್ರಾಕ್ಲಿಪ್ ಹಿರಿಯಣ್ಣ. ಮೊದಲ ರೋಗಿಗೆ ಹಾಕಿದ್ದು 2003ರಲ್ಲಿ, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ. ಅದರ ಜಿ4 ಎಂಬ ಆವೃತ್ತಿ ನಾಲ್ಕು ಅಳತೆಗಳಲ್ಲಿ ಬರುತ್ತದೆ. ಎಸಳು ಹಿಡಿಯುವ ತೋಳು 9 ಅಥವಾ 12 ಮಿ.ಮೀ., ಅದರಲ್ಲೂ ಸಪೂರದ್ದು, ಅಗಲದ್ದು ಬೇರೆ ಬೇರೆ. ಎಸಳು ಗಿಡ್ಡ ಇದ್ದಾಗ ಚಿಕ್ಕ ತೋಳು ಸಿಗುತ್ತದಲ್ಲ, ಅದು ನನಗೆ ತುಂಬಾ ಇಷ್ಟ. ಲಾಕ್ ಆದ ಮೇಲೆ ಗಟ್ಟಿ ಹಿಡಿತ.

ಪ್ಯಾಸ್ಕಲ್‌ಗೆ ಯುರೋಪಿನಲ್ಲಿ 2019ರಲ್ಲಿ, ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ. ಇದು ನಿಟಿನಾಲ್ ಎಂಬ ಮಿಶ್ರಲೋಹದ್ದು, ಸ್ವಲ್ಪ ಬಾಗುತ್ತದೆ. ನಡುವೆ ಸಂದಿ ತುಂಬುವ ಒಂದು ಸ್ಪೇಸರ್ ಇದೆ, ಹಾಗಾಗಿ ತೆಳು ಎಸಳನ್ನು ಜಾಸ್ತಿ ಎಳೆಯದೆ ಲೀಕ್ ಮುಚ್ಚಬಹುದು. ಆದರೆ ಸ್ಪೇಸರ್‌ಗೂ ಜಾಗ ಬೇಕಲ್ವಾ? ವಾಲ್ವ್ ಚಿಕ್ಕದಿದ್ದರೆ ನನಗೆ ಗ್ರೇಡಿಯಂಟ್‌ದೇ ಚಿಂತೆ, ಅಂದರೆ ವಾಲ್ವ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ, ದಾರಿ ಇಕ್ಕಟ್ಟಾದಷ್ಟೂ ಅದು ಏರುತ್ತದೆ. ವಾಲ್ವ್ ತೆರೆದಾಗಿನ ವಿಸ್ತೀರ್ಣ 4 ಚದರ ಸೆಂ.ಮೀ.ಗಿಂತ ಕಡಿಮೆ ಕಂಡರೆ, ಯಾವುದನ್ನೇ ಹಾಕುವ ಮುಂಚೆಯೂ ಇನ್ನೊಮ್ಮೆ ಅಳೆಯುತ್ತೇನೆ. ಲೀಕ್ ನಿಲ್ಲಿಸಿ ದಾರಿಯನ್ನೇ ಮುಚ್ಚಿಬಿಟ್ಟರೆ ಏನು ಸಿಕ್ಕಿದ ಹಾಗೆ?

ನನಗೆ ನಿಜವಾದ ವ್ಯತ್ಯಾಸ ಕಂಡಿದ್ದು ವಾಪಸ್ ಬರುವಾಗ. ಒಂದು ಸಲ ಕೆಳಗಿನ ಕೋಣೆಗೆ ಇಳಿದ ಮೇಲೆ ಕೋನ ಸರಿಯಿಲ್ಲ ಅಂತ ತಿರುಗಿಸಲು ಹೋದೆವು. ಸಾಧನದ ತಪ್ಪಲ್ಲ, ತಪ್ಪು ನಮ್ಮದೇ, ಅದನ್ನು ಮೇಲೆಯೇ ಸರಿಮಾಡಿಕೊಳ್ಳಬೇಕಿತ್ತು. ಎಸಳಿಗೆ ಆಧಾರವಾದ ದಾರಗಳಿಗೆ ತೋಳು ಸಿಕ್ಕಿಕೊಂಡಿತು. ಸ್ಕ್ರೀನ್ ಮೇಲೆ ಪ್ರತಿ ಬಡಿತಕ್ಕೂ ಒಂದು ದಾರ ಬಿಗಿಯಾಗಿ ಸಡಿಲವಾಗುವುದು ಕಾಣುತ್ತಿತ್ತು, ಲ್ಯಾಬ್‌ನಲ್ಲಿ ಯಾರೂ ಮಾತಾಡಲಿಲ್ಲ, "ಎಳೀಬೇಡಿ" ಅಂತ ನಾನೊಬ್ಬನೇ ಹೇಳುತ್ತಿದ್ದೆ. ಕೊನೆಗೆ ಒಂದೊಂದು ಮಿಲಿಮೀಟರ್ ಸರಿಸಿ ಬಿಡಿಸಿಕೊಂಡೆವು. ಇಂಥ ಹೊತ್ತಿಗೆ ಮೈಟ್ರಾಕ್ಲಿಪ್‌ನ ತೋಳುಗಳನ್ನು ಹಿಂದಕ್ಕೆ ಮಡಚಿ ಹೊರಗೆ ಬರುತ್ತಾರೆ. ಪ್ಯಾಸ್ಕಲ್ ಅನ್ನು ಉದ್ದಕ್ಕೆ ಎಳೆದು ಸಪೂರ ಮಾಡಬಹುದು. ದಾರಗಳು ದಟ್ಟ ಇರುವ ಕಡೆ ನನ್ನ ಮನಸ್ಸು ಎರಡನೆಯದರ ಕಡೆಗೇ.

ಇನ್ನು ಫಲಿತಾಂಶ. ಎರಡನ್ನೂ ನೇರವಾಗಿ ಎದುರುಬದುರು ಇಟ್ಟ ಕ್ಲ್ಯಾಸ್ಪ್ 2ಡಿ ಟ್ರಯಲ್‌ನ ಮೊದಲ ವರದಿಯಲ್ಲಿ 180 ರೋಗಿಗಳಿದ್ದರು. ಆರು ತಿಂಗಳಿಗೆ ಲೀಕ್ (4+ ಅಂದರೆ ತೀರಾ ಜಾಸ್ತಿ ಅನ್ನುವ ಅಳತೆಯಲ್ಲಿ) 2+ ಅಥವಾ ಅದಕ್ಕಿಂತ ಕಡಿಮೆ ಇದ್ದವರು ಪ್ಯಾಸ್ಕಲ್‌ನಲ್ಲಿ 96.5%, ಮೈಟ್ರಾಕ್ಲಿಪ್‌ನಲ್ಲಿ 96.8%. ಸುಮ್ನೆ ಜಗಳ ಆಡೋಕೆ ಇದರಲ್ಲಿ ಏನೂ ಇಲ್ಲ! ಅದಕ್ಕಿಂತ ದೊಡ್ಡ ಪ್ರಶ್ನೆ ಯಾರಿಗೆ ಹಾಕಬೇಕು ಅನ್ನೋದು. ಹೃದಯ ಹಿಗ್ಗಿ ಲೀಕ್ ಆದವರಲ್ಲಿ ಮೈಟ್ರಾಕ್ಲಿಪ್ ಒಂದನ್ನೇ ಪರೀಕ್ಷಿಸಿದ ಎರಡು ಟ್ರಯಲ್‌ಗಳು 2018ರಲ್ಲಿ ಬಂದವು. ಕೋಆಪ್ಟ್‌ನಲ್ಲಿ ಸಾವು ಕಡಿಮೆಯಾಯಿತು, ಮೈಟ್ರಾ-ಎಫ್‌ಆರ್‌ನಲ್ಲಿ ಏನೂ ಬದಲಾಗಲಿಲ್ಲ.

ಹಾಗಾಗಿ ಯಾವುದು ಹಾಕೋಣ ಅಂತ ನನ್ನನ್ನು ಕೇಳಿದರೆ ಮೊದಲು ವಾಲ್ವ್ ತೋರಿಸಿ ಅನ್ನುತ್ತೇನೆ. ಎಸಳು ಗಿಡ್ಡವೋ, ಜಾಗ ಇಕ್ಕಟ್ಟೋ, ಚಿಕ್ಕ ಮೈಟ್ರಾಕ್ಲಿಪ್. ನಡುವೆ ದೊಡ್ಡ ಸಂದಿ, ವಾಲ್ವ್ ವಿಶಾಲ ಇದೆಯೋ, 10 ಮಿ.ಮೀ. ಅಗಲದ ಪ್ಯಾಸ್ಕಲ್. ಲೀಕ್ ಮೂಲೆಯಲ್ಲಿದ್ದು ಸುತ್ತ ದಾರಗಳೇ ತುಂಬಿದ್ದರೆ, ಪ್ಯಾಸ್ಕಲ್‌ನದೇ ಸಪೂರ ರೂಪ, 6 ಮಿ.ಮೀ.ನ ಪ್ಯಾಸ್ಕಲ್ ಏಸ್.