ಮುಂಬೈಯಲ್ಲಿ ಬಸ್ ಸ್ಟಾಪ್ ಹತ್ತಿರ ಕಾರು ನಿಲ್ಲಿಸಬೇಡಿ, ಐದು ನಿಮಿಷಕ್ಕೂ ಬೇಡ

ಮುಂಬೈಗೆ ಹೊಸದಾಗಿ ಬಂದು ಕಾರು ಓಡಿಸುತ್ತಿರುವವರು, ಊರಿಂದ ಕಾರಿನಲ್ಲೇ ಬರುವ ನೆಂಟರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಇಲ್ಲಿ ಹನ್ನೊಂದು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. ಆದರೂ ಈ ತಪ್ಪು ಮಾಡಿದೆ. ದಂಡ ಕಟ್ಟಿದೆ, ಅದು ಹೋಗಲಿ. ನನ್ನ ಕಾರಿನಿಂದ ಒಬ್ಬ ಅಜ್ಜಿಗೆ ಪೆಟ್ಟಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಗೌರಿ ಹಬ್ಬದ ಹಿಂದಿನ ದಿನ. ನಾವಿರುವುದು ಮುಲುಂಡಿನಲ್ಲಿ. ಹಬ್ಬದ ಸಾಮಾನು ಅಂದರೆ ನಮ್ಮ ಅಮ್ಮನಿಗೆ ಮಾಟುಂಗಾನೇ ಆಗಬೇಕು. ಬಾಳೆ ಎಲೆ, ಗರಿಕೆ, ಸೇವಂತಿಗೆ, ಮಾವಿನ ಸೊಪ್ಪು, ಕಣ್ಣೆದುರಿಗೇ ಪುಡಿ ಮಾಡಿಕೊಡುವ ಕಾಫಿ ಪುಡಿ, ಎಲ್ಲ ಅಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಸ್ಲೋ ಲೋಕಲ್ ರೈಲಿನಲ್ಲಿ ಹೋಗುತ್ತೇವೆ, ಅರ್ಧ ಗಂಟೆ ಸಾಕು. ಆದರೆ ಹಬ್ಬದ ಹಿಂದಿನ ದಿನ ಆ ನೂಕುನುಗ್ಗಲಲ್ಲಿ ಎಪ್ಪತ್ತು ದಾಟಿದ ಅಮ್ಮ, ಜೊತೆಗೆ ನಾಲ್ಕು ಚೀಲ. ಆಟೋ ಆದರೂ ಸಯನ್‌ವರೆಗೆ ಮಾತ್ರ, ಅಲ್ಲಿಂದ ಮುಂದೆ ಬರುವ ಹಾಗಿಲ್ಲ. ಸರಿ, ಕಾರು ತೆಗೆದೆ.

ಮಾಟುಂಗಾದ ಕಿಂಗ್ಸ್ ಸರ್ಕಲ್ ಹತ್ತಿರ ಬಂದಾಗ ಗಂಟೆ ಹನ್ನೊಂದು. ಎಲ್ಲೂ ಜಾಗ ಇಲ್ಲ. ಒಳಗಿನ ರಸ್ತೆಗಳಲ್ಲಿ ಮೂರು ಸುತ್ತು ಹಾಕಿದೆ. ಹೂವಿನ ಅಂಗಡಿಗಳ ಹತ್ತಿರ ಅಮ್ಮನನ್ನು ಇಳಿಸಿ ಮತ್ತೆ ದೊಡ್ಡ ರಸ್ತೆಗೆ ಬಂದೆ. ಅಲ್ಲಿ ಫುಟ್‌ಪಾತ್ ಪಕ್ಕ ಒಂದು ಕಾರಿನಷ್ಟು ಜಾಗ ಖಾಲಿ ಇತ್ತು. ಅಷ್ಟು ಗಿಜಿಗುಡುವ ಕಡೆ ಆ ಜಾಗ ಮಾತ್ರ ಯಾಕೆ ಖಾಲಿ ಇದೆ ಅಂತ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ನಿಲ್ಲಿಸುವುದಕ್ಕೆ ಮೊದಲು ಒಬ್ಬ ಬಂದ. ಮಿಂಚುವ ಹಸಿರು ಜಾಕೆಟ್, ಕೈಯಲ್ಲಿ ರಸೀದಿ ಪುಸ್ತಕ. 'ಲಾವಾ ಸಾಹೇಬ್, ಕಾಯ್ ನಾಹೀ ಹೋತ್' ಅಂದ. ನಿಲ್ಲಿಸಿ, ಏನೂ ಆಗಲ್ಲ ಅಂತ. ನೂರು ರೂಪಾಯಿ ತೆಗೆದುಕೊಂಡು ಒಂದು ಚೀಟಿ ಹರಿದು ಕೊಟ್ಟ. ನಾನು ಅದನ್ನು ಓದದೆ ಜೇಬಿಗೆ ಹಾಕಿಕೊಂಡೆ. ಆಮೇಲೆ ನೋಡಿದರೆ ಅದರಲ್ಲಿ ಪಾಲಿಕೆಯ ಹೆಸರಿಲ್ಲ, ಗುತ್ತಿಗೆದಾರನ ಹೆಸರಿಲ್ಲ, ನನ್ನ ಗಾಡಿ ನಂಬರಿಲ್ಲ, ಸಮಯವೂ ಇಲ್ಲ. 'ಪಾರ್ಕಿಂಗ್' ಅಂತ ಒಂದು ಸೀಲು, ಅಷ್ಟೇ.

ಅದು ಬಸ್ ಸ್ಟಾಪ್. ತಂಗುದಾಣ ಇರಲಿಲ್ಲ, ಬರೀ ಒಂದು ಕಂಬ. ಮುಂಬೈಯಲ್ಲಿ ಬೆಸ್ಟ್ ಅಂದರೆ ಇಲ್ಲಿನ ಸಿಟಿ ಬಸ್ಸು, ಅದರ ಎಷ್ಟೋ ಸ್ಟಾಪ್‌ಗಳು ಹೀಗೆಯೇ ಇವೆ: ಒಂದು ಕಂಬ, ಅದರ ಮೇಲೆ ಬಸ್ ನಂಬರುಗಳ ಫಲಕ. ಅವತ್ತು ಆ ಫಲಕದ ಮೇಲೆ ಗಣೇಶೋತ್ಸವದ ಸ್ವಾಗತದ ಬ್ಯಾನರ್ ಕಟ್ಟಿದ್ದರು. ಡಾಂಬರಿನ ಮೇಲೆ ಹಳದಿ ಬಣ್ಣದಲ್ಲಿ ಬರೆದ ಅಕ್ಷರ ಅರ್ಧ ಮಾಸಿತ್ತು. ಉಳಿದ ಅರ್ಧ ನನ್ನ ಕಾರಿನ ಕೆಳಗೆ ಹೋಯಿತು. ಬ್ಯಾನರ್ ಇತ್ತು, ಕಾಣಲಿಲ್ಲ ಅಂತ ನಾನು ಹೇಳಬಹುದು. ಆದರೆ ಫುಟ್‌ಪಾತಿನ ಮೇಲೆ ಆರೇಳು ಜನ ಒಂದೇ ಕಡೆ ಕತ್ತು ತಿರುಗಿಸಿ ನಿಂತಿದ್ದರು. ಬಸ್ಸು ಕಾಯುವವರು ಹೇಗೆ ನಿಲ್ಲುತ್ತಾರೆ ಅಂತ ನನಗೆ ಗೊತ್ತಿಲ್ವಾ? ಗೊತ್ತಿತ್ತು. ಹತ್ತು ನಿಮಿಷ ತಾನೇ ಅಂದುಕೊಂಡೆ.

ಹತ್ತು ನಿಮಿಷ ಮುಕ್ಕಾಲು ಗಂಟೆ ಆಯಿತು. ಹಬ್ಬದ ಹಿಂದಿನ ದಿನ ಹೂವು ಕೊಳ್ಳುವುದು ಅಂದರೆ ಹಾಗೇ ಅಲ್ವಾ. ಅಮ್ಮ ನೆರಳಲ್ಲಿ ಕೂತರು. ನಾನು ಚೀಲಗಳನ್ನು ಕಾರಿಗೆ ಹಾಕಿ ಬರೋಣ ಅಂತ ಹೊರಟು ರಸ್ತೆಯ ಆ ಕಡೆ ಸಿಗ್ನಲ್‌ಗೆ ಕಾಯುತ್ತಾ ನಿಂತಿದ್ದೆ. ಆಗಲೇ ಬಸ್ಸು ಬಂತು.

ಮುಂದೆ ನಡೆದದ್ದನ್ನು ನಾನು ಎದುರಿನಿಂದಲೇ ನೋಡಿದೆ. ಬಸ್ಸು ಎಡಕ್ಕೆ ಬರಲು ಮೂತಿ ತಿರುಗಿಸಿತು. ನನ್ನ ಕಾರು ಅಡ್ಡ ಇತ್ತು. ಡ್ರೈವರ್ ಒಂದು ಸಲ ಹಾರ್ನ್ ಹೊಡೆದರು. ಆಮೇಲೆ ಬೇರೆ ದಾರಿ ಕಾಣದೆ ಎರಡನೇ ಲೇನಿನಲ್ಲೇ ನಿಲ್ಲಿಸಿದರು. ಕಾಯುತ್ತಿದ್ದವರು ಫುಟ್‌ಪಾತಿನಿಂದ ರಸ್ತೆಗಿಳಿದು ನನ್ನ ಕಾರನ್ನು ಸುತ್ತಿಕೊಂಡು ಓಡಿದರು. ಇಳಿಯುವ ಬಾಗಿಲಲ್ಲಿ ಒಬ್ಬ ಅಜ್ಜಿ, ಇಳಕಲ್ ಸೀರೆ, ಕೈಯಲ್ಲಿ ಒಂದು ಬಟ್ಟೆ ಚೀಲ. ಅವರು ಒಂದು ಕಾಲು ಕೆಳಗಿಟ್ಟರು. ಫುಟ್‌ಪಾತ್ ಸಿಗಬೇಕಾದ ಕಡೆ ರಸ್ತೆ ಸಿಕ್ಕಿತು, ಅಷ್ಟು ಆಳ ಜಾಸ್ತಿ. ಸಾವರಿಸಿಕೊಂಡು ಇನ್ನೊಂದು ಕಾಲು ಇಡುವಾಗ, ಬಸ್ಸಿಗೂ ನನ್ನ ಕಾರಿಗೂ ನಡುವೆ ಇದ್ದ ಸಂದಿಯಲ್ಲಿ ಒಂದು ಸ್ಕೂಟರ್ ನುಗ್ಗಿತು. ಅಜ್ಜಿ ಗಾಬರಿಯಾಗಿ ಮುಂದಕ್ಕೆ ಹಾರಿದ ಹಾಗೆ ಮಾಡಿ ನನ್ನ ಕಾರಿನ ಬಾನೆಟ್ ಮೇಲೆ ಕೈ ಊರಿದರು, ಕೈ ಜಾರಿತು, ಮೊಣಕಾಲು ಬಂಪರಿಗೆ ಬಡಿದು ಅಲ್ಲೇ ಕುಸಿದರು. ಸ್ಕೂಟರ್ ನಿಲ್ಲಲಿಲ್ಲ.

ನಾನು ಓಡಿ ಬಂದೆ. ಅವರನ್ನು ಹಿಡಿದು ಫುಟ್‌ಪಾತಿನ ಮೇಲೆ ಕೂರಿಸುವಾಗ ನನ್ನ ಬಾಯಿಂದ 'ಅಯ್ಯೋ ದೇವರೇ' ಅಂತ ಬಂತು. ಅಜ್ಜಿ ತಲೆಯೆತ್ತಿ ನೋಡಿದರು.

'ಕನ್ನಡದವರೇನು?'

'ಹೌದಮ್ಮಾ.'

'ಈ ಗಾಡಿ ಯಾರ್ದಪಾ?'

ನಂದು ಅಂದೆ. ಅವರು ಬೈಯಲಿಲ್ಲ. ಮೊಣಕಾಲು ಹಿಡಿದುಕೊಂಡು, 'ಇಲ್ಲಿ ಬಸ್ ನಿಂದರತೈತಿ ಅಂತ ಗೊತ್ತಾಗಲಿಲ್ಲೇನು ತಮ್ಮಾ ನಿನಗ' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಅವರು ವಡಾಳಾದಲ್ಲಿ ಮಗನ ಮನೆಯಲ್ಲಿರುವವರು. ಅವರೂ ಹೂವಿಗೇ ಬಂದಿದ್ದರು. ಬೆಸ್ಟ್ ಬಸ್ಸಿನ ಕನಿಷ್ಠ ಟಿಕೆಟ್ 2025ರ ಮೇ ತಿಂಗಳಿಂದ 10 ರೂಪಾಯಿ, ಎಸಿ ಬಸ್ಸಿಗೆ 12. ಟ್ಯಾಕ್ಸಿ ಹತ್ತಿ ಕೂತರೆ ಮೀಟರು 31ರಿಂದ ಶುರು. ಅವರಂಥವರಿಗೆ ಬಸ್ಸೇ ಗತಿ. ಕಾರಿದ್ದ ನಾನು ಅವರ ಬಸ್ಸಿನ ಜಾಗವನ್ನೇ ಕಿತ್ತುಕೊಂಡಿದ್ದೆ.

ಪಕ್ಕದ ಮೆಡಿಕಲ್ ಅಂಗಡಿಯಿಂದ ಬ್ಯಾಂಡೇಜ್, ಜ್ಯೂಸ್ ಅಂಗಡಿಯಿಂದ ಐಸ್ ತಂದೆ. ಮೊಣಕಾಲು ಊದುತ್ತಿತ್ತು. ಅಮ್ಮನನ್ನು ಕರೆದುಕೊಂಡು ಬಂದೆ, ಟ್ಯಾಕ್ಸಿ ಮಾಡಿ ಮೂವರೂ ಹತ್ತಿರದ ಡಾಕ್ಟರ ಹತ್ತಿರ ಹೋದೆವು. ಮೂಳೆ ಮುರಿದಿರಲಿಲ್ಲ, ಅಷ್ಟರ ಮಟ್ಟಿಗೆ ದೇವರು ದೊಡ್ಡವನು. ಈ ಗಡಿಬಿಡಿಯಲ್ಲಿ ಕಾರು ಅಲ್ಲಿಂದ ತೆಗೆಯಬೇಕು ಅಂತಲೂ ನನಗೆ ಹೊಳೆಯಲಿಲ್ಲ. ಅಜ್ಜಿಯನ್ನು ಮಗನಿಗೆ ಒಪ್ಪಿಸಿ ವಾಪಸ್ ಬಂದಾಗ ಕಾರು ಇರಲಿಲ್ಲ. 'ಉಚ್ಲೂನ್ ನೇಲೀ' ಅಂದ ಪಾನ್ ಅಂಗಡಿಯವನು. ಎತ್ತಿಕೊಂಡು ಹೋದರು ಅಂತ. ಹಸಿರು ಜಾಕೆಟ್ಟಿನವನು ಎಲ್ಲೂ ಕಾಣಲಿಲ್ಲ.

ಟ್ರಾಫಿಕ್ ಪೊಲೀಸ್ ಚೌಕಿಗೆ ಹೋದೆ. ಲೈಸೆನ್ಸ್, ಗಾಡಿ ಕಾಗದ ತೋರಿಸಿದೆ. ರಸೀದಿ ತೋರಿಸಿದಾಗ ಅಲ್ಲಿದ್ದವರು ಅದನ್ನು ತಿರುಗಿಸಿ ನೋಡಿ ನನಗೇ ವಾಪಸ್ ಕೊಟ್ಟರು. ನಾನು ವಾದ ಮಾಡಲಿಲ್ಲ. ದಂಡ, ಅದರ ಮೇಲೆ ಎತ್ತಿಕೊಂಡು ಹೋದ ಖರ್ಚು, ಎರಡೂ ಕಟ್ಟಿ ಕಾರು ಬಿಡಿಸಿಕೊಂಡೆ.

ಆವತ್ತು ರಾತ್ರಿ ನಿಯಮ ಏನಿದೆ ಅಂತ ಕೂತು ಓದಿದೆ. ಲೈಸೆನ್ಸ್ ತೆಗೆದುಕೊಳ್ಳುವಾಗ ಓದಿದ್ದು ಎಂದೋ ಮರೆತುಹೋಗಿತ್ತು. ನಿಮಗೂ ಮರೆತಿರಬಹುದು, ಅದಕ್ಕೆ ಹೇಳುತ್ತೇನೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲಿ ಎಲ್ಲೆಲ್ಲಿ ಪಾರ್ಕಿಂಗ್ ಮಾಡಬಾರದು ಅಂತ ಪಟ್ಟಿಯೇ ಇದೆ. ಅದರಲ್ಲಿ ಬಸ್ ಸ್ಟಾಪಿನ ಹತ್ತಿರ, ಶಾಲೆ ಮತ್ತು ಆಸ್ಪತ್ರೆಯ ಬಾಗಿಲ ಹತ್ತಿರ ನಿಲ್ಲಿಸಬಾರದು ಅಂತ ಸ್ಪಷ್ಟವಾಗಿ ಬರೆದಿದೆ. 1989ರ ಹಳೆಯ ನಿಯಮದಲ್ಲೂ ಇದು ಇತ್ತು. ಅಂದರೆ ಅಲ್ಲಿ 'ನೋ ಪಾರ್ಕಿಂಗ್' ಬೋರ್ಡ್ ಇರಲೇಬೇಕು ಅಂತಿಲ್ಲ. ಬಸ್ ಸ್ಟಾಪ್ ಇದ್ದರೆ ಅದೇ ಬೋರ್ಡು. ರಸ್ತೆ ಕೂಡುವ ಕಡೆಯಿಂದ ಎರಡೂ ಬದಿಗೆ 50 ಮೀಟರ್ ಒಳಗೂ ನಿಲ್ಲಿಸುವ ಹಾಗಿಲ್ಲ. ಎಷ್ಟೋ ಸ್ಟಾಪ್‌ಗಳು ಸಿಗ್ನಲ್ ಪಕ್ಕದಲ್ಲೇ ಇರುತ್ತವೆ, ಅಲ್ಲಿ ಎರಡು ತಪ್ಪು ಒಟ್ಟಿಗೆ ಆಗುತ್ತದೆ.

ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ ಪ್ರಕಾರ, ಬೇರೆಯವರಿಗೆ ಅಪಾಯ, ಅಡ್ಡಿ, ತೊಂದರೆ ಆಗುವ ಹಾಗೆ ಗಾಡಿ ನಿಲ್ಲಿಸುವುದೇ ತಪ್ಪು. ನೀವು ಒಳಗೇ ಕೂತಿದ್ದರೂ, ನಾಲ್ಕು ಇಂಡಿಕೇಟರ್ ಹಾಕಿದ್ದರೂ ಬಸ್ಸಿಗೆ ಅಡ್ಡಿ ಅಡ್ಡಿಯೇ. 'ಹೆಂಡತಿ ಔಷಧಿ ತರೋಕೆ ಹೋಗಿದ್ದಾಳೆ, ನಾನು ಗಾಡೀಲೇ ಇದ್ದೀನಿ' ಅನ್ನುವುದು ನಡೆಯಲ್ಲ. ಜನರನ್ನು ತಕ್ಷಣ ಹತ್ತಿಸಿ ಇಳಿಸಿ ಹೊರಡುವುದು ಬೇರೆ, ಕಾಯುತ್ತಾ ನಿಲ್ಲುವುದು ಬೇರೆ. ಕಾಯುತ್ತಾ ನಿಂತರೆ ಅದು ಪಾರ್ಕಿಂಗೇ. ನಿಲ್ಲಿಸಬಾರದ ಕಡೆ ನಿಲ್ಲಿಸಿದ ಗಾಡಿಯನ್ನು ಎತ್ತಿಸುವ, ಚಕ್ರಕ್ಕೆ ಬೀಗ ಹಾಕಿಸುವ ಅಧಿಕಾರ 127ನೇ ಸೆಕ್ಷನ್‌ನಲ್ಲಿ ಯೂನಿಫಾರ್ಮಿನಲ್ಲಿರುವ ಪೊಲೀಸರಿಗಿದೆ. ಎತ್ತಿದ ಖರ್ಚು ಮಾಲೀಕನ ತಲೆ ಮೇಲೆ. ದಂಡ 2019ರ ತಿದ್ದುಪಡಿ ಆದಮೇಲೆ ಮೊದಲ ಸಲಕ್ಕೆ 500, ಮತ್ತೆ ಮಾಡಿದರೆ 1,500 ರೂಪಾಯಿ. ಮಹಾರಾಷ್ಟ್ರದಲ್ಲಿ ಇದು 2021ರ ಡಿಸೆಂಬರಿನಿಂದ ಜಾರಿಯಲ್ಲಿದೆ.

ಸ್ಟಾಪ್ ಅಂದರೆ ಕಂಬ ಇರುವ ಜಾಗ ಮಾತ್ರ ಅಂತ ನಾನು ತಿಳಿದಿದ್ದೆ. ತುಂಬ ಜನ ಹಾಗೇ ತಿಳಿದಿರುತ್ತಾರೆ. ದೊಡ್ಡ ಬಸ್ಸಿನ ಉದ್ದ ಸುಮಾರು 12 ಮೀಟರ್. ಅದು ನಮ್ಮ ಕಾರಿನ ಹಾಗೆ ಸಣ್ಣ ಸಂದಿಗೆ ರಿವರ್ಸ್ ಹೊಡೆದು ಸೇರಿಕೊಳ್ಳಲು ಆಗಲ್ಲ. ದೂರದಿಂದಲೇ ಓರೆಯಾಗಿ ಬರಬೇಕು, ಫುಟ್‌ಪಾತಿಗೆ ತಾಗುವಂತೆ ನೇರವಾಗಬೇಕು, ಹೊರಡುವಾಗ ಮತ್ತೆ ಓರೆಯಾಗಿ ಹೋಗಬೇಕು. ಹಿಂದೆ ಜಾಗ ಬೇಕು, ಮುಂದೆಯೂ ಬೇಕು. ನನ್ನ ಕಾರು ನಾಲ್ಕು ಮೀಟರೂ ಇಲ್ಲ. ಕಂಬದಿಂದ ನಾಲ್ಕು ಹೆಜ್ಜೆ ಹಿಂದೆ ನಿಂತಿತ್ತು. ಅಷ್ಟೇ ಸಾಕಾಯಿತು. ಗಾಲಿಕುರ್ಚಿಯವರಿಗೆ ರಾಂಪ್ ಇರುವ ಲೋ ಫ್ಲೋರ್ ಬಸ್ಸುಗಳು ಈಗ ಬಂದಿವೆ. ಬಸ್ಸು ಫುಟ್‌ಪಾತಿನ ಪಕ್ಕಕ್ಕೆ ಬರದಿದ್ದರೆ ಆ ರಾಂಪ್ ಯಾರಿಗೂ ಉಪಯೋಗವಿಲ್ಲ.

ಊರಿಂದ ಬರುವವರಿಗೆ ಬೋರ್ಡಿನ ಭಾಷೆಯೂ ಒಂದು ತೊಡಕು. 'ಬಸ್ ಥಾಂಬಾ' ಅಂದರೆ ಬಸ್ ಸ್ಟಾಪ್. 'ವಾಹನೇ ಉಭೀ ಕರೂ ನಯೇತ್' ಅಂದರೆ ಗಾಡಿ ನಿಲ್ಲಿಸಬೇಡಿ. 'ಸಮ ತಾರೀಖ್', 'ವಿಷಮ ತಾರೀಖ್' ಅಂತ ಇದ್ದರೆ, ಸಮ ಸಂಖ್ಯೆಯ ದಿನ ಒಂದು ಬದಿ, ಬೆಸ ಸಂಖ್ಯೆಯ ದಿನ ಇನ್ನೊಂದು ಬದಿ ಅಂತ ಅರ್ಥ. ಆದರೆ ನೆನಪಿಡಿ, ಇವತ್ತು ಈ ಬದಿಗೆ ಪಾರ್ಕಿಂಗ್ ಇದೆ ಅಂದಮಾತ್ರಕ್ಕೆ ಅದೇ ಬದಿಯ ಬಸ್ ಸ್ಟಾಪಿನ ಮುಂದೆಯೂ ಇದೆ ಅಂತಲ್ಲ. ಹಬ್ಬದ ದಿನಗಳಲ್ಲಿ ಕಮಾನು, ಬ್ಯಾನರ್ ಕಟ್ಟಿ ಕಂಬಗಳು ಮುಚ್ಚಿಹೋಗಿರುತ್ತವೆ. ಹಾಗಾಗಿ ಬೋರ್ಡು ಹುಡುಕುವ ಮೊದಲು ಫುಟ್‌ಪಾತಿನ ಮೇಲೆ ನಿಂತ ಜನರನ್ನು ನೋಡಿ. ಸ್ಟೇಷನ್ ಹೊರಗಡೆಯೂ ಅಷ್ಟೇ, ಶೇರ್ ಆಟೋ ಮತ್ತು ಟ್ಯಾಕ್ಸಿ ಸಾಲು ನಿಲ್ಲುವ ಜಾಗ ಖಾಲಿ ಕಂಡರೆ ನುಗ್ಗಿಸಬೇಡಿ.

ದುಡ್ಡು ಕೇಳುವವರ ವಿಷಯ. ಪಾಲಿಕೆಯ 'ಪೇ ಅಂಡ್ ಪಾರ್ಕ್' ಇದ್ದರೆ ಅಲ್ಲಿ ದರದ ಬೋರ್ಡ್ ಇರಬೇಕು. ಮೊದಲು ಅದನ್ನು ಹುಡುಕಿ. ರಸೀದಿಯಲ್ಲಿ ನಿಮ್ಮ ಗಾಡಿ ನಂಬರು, ಸಮಯ ಇದೆಯಾ ನೋಡಿ. ಇಲ್ಲದಿದ್ದರೆ ಆ ದುಡ್ಡು ಯಾರದೋ ಜೇಬಿಗೆ, ದಂಡ ನಿಮಗೆ. ನೂರು ರೂಪಾಯಿ ಕೊಟ್ಟಿದ್ದೇನೆ ಅನ್ನುವ ಧೈರ್ಯದಲ್ಲೇ ನಾನು ಮುಕ್ಕಾಲು ಗಂಟೆ ನಿಶ್ಚಿಂತೆಯಾಗಿ ಹೂವು ಆರಿಸಿದ್ದು.

ಈಗ ನಾವು ಮತ್ತೆ ರೈಲಿನಲ್ಲೇ ಹೋಗುತ್ತೇವೆ. ಹಬ್ಬದ ಹಿಂದಿನ ದಿನ ಬೇಡ, ಎರಡು ದಿನ ಮೊದಲೇ, ಮಧ್ಯಾಹ್ನ ರಶ್ ಕಡಿಮೆ ಇರುವಾಗ. ಬರುವಾಗ ಚೀಲ ಜಾಸ್ತಿಯಾದರೆ ಸಯನ್‌ವರೆಗೆ ಟ್ಯಾಕ್ಸಿ, ಅಲ್ಲಿಂದ ಆಟೋ.

ಅಜ್ಜಿಗೆ ಆಗಾಗ ಫೋನ್ ಮಾಡುತ್ತಿರುತ್ತೇನೆ. ಮೊನ್ನೆ ಅಮ್ಮನೂ ಮಾತಾಡಿದರು. ಊತ ಇಳಿದಿದೆ, ಮೆಟ್ಟಿಲು ಹತ್ತುವಾಗ ಮಾತ್ರ ಸ್ವಲ್ಪ ನೋವು ಅಂದರಂತೆ. ಹೂವು ತರಲು ಮಾಟುಂಗಾಕ್ಕೆ ಹೋಗಿದ್ರಾ ಅಂತ ಅಮ್ಮ ಕೇಳಿದರು. ಇಲ್ಲವಂತೆ. ಒಬ್ಬರೇ ಬಸ್ ಹತ್ತಲು ಮಗ ಬಿಡುತ್ತಿಲ್ಲವಂತೆ.